ನಿಮಗಿದು ಗೊತ್ತೇ? ಬಾಳೂರಿಗೆ ಗೆಳೆಯರು ಬಂದ ಎರಡು ದಿನ

ರೋಮಿಗೋ ಪ್ಯಾರಿಸ್ಸಿಗೋ ಎರಡು ದಿನಕ್ಕೆಂದು ಹೋದವರ ಕೈಯಲ್ಲಿ ಒಂದು ಪುಸ್ತಕವಿರುತ್ತದೆ. ಯಾವ ಬೀದಿಯಲ್ಲಿ ಯಾರು ಬಾಳಿದ್ದರು, ಯಾವ ಕಲ್ಲು ಯಾವ ಶತಮಾನದ್ದು ಎಂದೆಲ್ಲ ಅದು ಹೇಳಿಕೊಡುತ್ತದೆ. ಶನಿವಾರ ಬೆಳಗ್ಗೆ ಕೊಟ್ಟಿಗೆಹಾರದಲ್ಲಿ ಬಸ್ಸಿಳಿದು ಬಾಳೂರಿನ ಮನೆಗೆ ಬರುವ ಗೆಳೆಯರ ಕೈಯಲ್ಲಿ ಅಂಥ ಪುಸ್ತಕವಿಲ್ಲ. ಆ ಕೆಲಸ ಮನೆಯವರದೇ. ವ್ಯೂ ಪಾಯಿಂಟಿನಲ್ಲಿ ಫೋಟೊ ತೆಗೆದುಕೊಂಡು, ಉಂಡು, ಮಲಗಿ ಹೊರಟುಬಿಟ್ಟರೆ ಈ ಸೀಮೆಯ ಕಾಲುಭಾಗವೂ ಅವರ ಕಣ್ಣಿಗೆ ಬೀಳುವುದಿಲ್ಲ. ಮೂಡಿಗೆರೆ, ಕಳಸದ ಈ ಗುಡ್ಡಗಳಿಂದ ನೀರು, ಕಾಫಿ, ಕಬ್ಬಿಣ, ಕಥೆ ಎಲ್ಲವೂ ಬಹಳ ದೂರ ಹೋಗಿವೆ. ಬಂದವರಿಗೆ ಹೇಳಲು ಕೆಲವು ಸಂಗತಿಗಳು ಇಲ್ಲಿವೆ.

ಮೊದಲು ನೀರು

ಬಾಳೂರಿನಿಂದ ಕಳಸದ ಕಡೆ ಹೊರಟರೆ ಜಾವಳಿ ಸಿಗುತ್ತದೆ. ಹೇಮಾವತಿ ಹುಟ್ಟುವುದು ಇಲ್ಲಿ. ಗೊರೂರಿನ ಅಣೆಕಟ್ಟನ್ನು ನೋಡಿದವರು, ಹಾಸನ, ತುಮಕೂರು ಕಡೆ ಅದರ ನಾಲೆಯ ನೀರು ಕಂಡವರು ಜಾವಳಿಯಲ್ಲಿ ಒಂದು ಗಳಿಗೆ ನಿಲ್ಲಬೇಕು. ಇಲ್ಲಿಂದ 245 ಕಿಲೋಮೀಟರ್ ಹರಿದು ಆ ನದಿ ಕೃಷ್ಣರಾಜಸಾಗರದ ಹಿನ್ನೀರಿನಲ್ಲಿ ಕಾವೇರಿಯನ್ನು ಸೇರುತ್ತದೆ.

ಇದೇ ಗುಡ್ಡಸಾಲಿನ ಮೇಲೆ ಬಿದ್ದ ಮಳೆ ಮೂರು ದಾರಿ ಹಿಡಿಯುತ್ತದೆ ಎಂಬುದು ಗೊತ್ತೇ? ಹೇಮಾವತಿಗೆ ಇಳಿದ ಹನಿ ಕಾವೇರಿಯ ಜೊತೆ ತಮಿಳುನಾಡಿನ ಪೂಂಪುಹಾರಿನಲ್ಲಿ ಬಂಗಾಳ ಕೊಲ್ಲಿ ಸೇರುತ್ತದೆ. ಕಳಸದ ಕಡೆ ಜಾರಿದ ಹನಿ ಭದ್ರೆಗೆ ಬಿದ್ದು, ಕೂಡಲಿಯಲ್ಲಿ ತುಂಗೆಯನ್ನು ಕೂಡಿ, ಕೃಷ್ಣೆಯ ಪಾಲಾಗಿ, ಆಂಧ್ರದ ಹಂಸಲದೀವಿಯ ಬಳಿ ಅದೇ ಕೊಲ್ಲಿಯನ್ನು ಮುಟ್ಟುತ್ತದೆ. ಚಾರ್ಮಾಡಿ ಘಾಟಿಯ ಕಡೆ ಉರುಳಿದ ಹನಿಗೆ ಇಷ್ಟು ದೊಡ್ಡ ಪ್ರಯಾಣವಿಲ್ಲ. ಮೃತ್ಯುಂಜಯಾ ಹೊಳೆಯಿಂದ ನೇತ್ರಾವತಿಗೆ ಬಂದು ಮಂಗಳೂರಿನಲ್ಲಿ ಅರಬ್ಬಿ ಸಮುದ್ರಕ್ಕೆ ಬಿದ್ದುಬಿಡುತ್ತದೆ. ಒಂದೇ ಮೋಡದಿಂದ ಇಳಿದ ನೀರು ಹೀಗೆ ಎರಡು ಕಡಲುಗಳಿಗೆ ಹಂಚಿಹೋಗುವ ಜಾಗದಲ್ಲಿ ನಾವು ಮನೆ ಕಟ್ಟಿಕೊಂಡಿದ್ದೇವೆ. ಗೆಳೆಯರಿಗೆ ತೋರಿಸಬೇಕಾದ ಮೊದಲ ಸಂಗತಿ ಇದೇ ಎಂದು ನಾನು ಹೇಳುತ್ತೇನೆ.

ಬಲ್ಲಾಳರಾಯನ ದುರ್ಗಕ್ಕೆ ಹತ್ತುವುದು ನಮ್ಮ ಕಡೆಯಿಂದ. ಅದರ ಮಗ್ಗುಲಿನ ಬಂಡಾಜೆ ಅರ್ಬಿ ಧುಮ್ಮಿಕ್ಕುವುದು ಮಾತ್ರ ಬೆಳ್ತಂಗಡಿಯ ಕಡೆಗೆ. ಜಲಪಾತದ ನೆತ್ತಿಯ ಮೇಲೆ ನಿಂತವರ ಕಾಲು ಮಲೆನಾಡಿನಲ್ಲಿರುತ್ತದೆ, ನೋಟ ದಕ್ಷಿಣ ಕನ್ನಡದಲ್ಲಿ.

ಗುಡ್ಡದ ಮೇಲೆ ಬರೀ ಹುಲ್ಲು, ಕಣಿವೆಯಲ್ಲಿ ಮಾತ್ರ ಕಾಡು. ಇದನ್ನು ಕಂಡ ಪಟ್ಟಣದ ಗೆಳೆಯರು ಮೇಲಿನ ಮರಗಳನ್ನು ಯಾರೋ ಕಡಿದಿರಬೇಕು ಎಂದುಕೊಳ್ಳುತ್ತಾರೆ. ಹಾಗಲ್ಲ. ಎತ್ತರದ ಪಶ್ಚಿಮಘಟ್ಟದ ಸಹಜ ರೂಪವೇ ಇದು. ಗಾಳಿಗೆ ಒಡ್ಡಿಕೊಂಡ ನೆತ್ತಿಯಲ್ಲಿ ಹುಲ್ಲು, ತೇವ ನಿಲ್ಲುವ ಮಡಿಲಲ್ಲಿ ಶೋಲಾ ಕಾಡು. ಹುಲ್ಲಿನ ಬೇರು ಹಾಗೂ ಶೋಲಾದ ತರಗೆಲೆ ಮಳೆಯ ನೀರನ್ನು ಹಿಡಿದಿಟ್ಟುಕೊಂಡು ನಿಧಾನವಾಗಿ ಬಿಡುತ್ತವೆ. ಏಪ್ರಿಲಿನಲ್ಲೂ ಹಳ್ಳಗಳು ಹರಿಯುವುದು ಆ ಕಾರಣಕ್ಕೆ. ಹುಲ್ಲುಗಾವಲಿನ ಮೇಲೆ ಜೀಪು ಹತ್ತಿಸಿ ಗಾಲಿಯ ಗುರುತು ಬಿಟ್ಟರೆ ಮುಂದಿನ ಮಳೆಗೆ ಆ ಗುರುತೇ ಕೊರಕಲಾಗುತ್ತದೆ. ನಡೆದೇ ಹತ್ತಿಸಿ.

ಕಲ್ಲು, ರಾಜ್ಯ, ರಾಣಿಯರು

ಬೇಲೂರು, ಹಳೇಬೀಡು, ಸೋಮನಾಥಪುರಗಳು 2023ರ ಸೆಪ್ಟೆಂಬರಿನಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಆ ಹೊಯ್ಸಳರ ಮೂಲನೆಲೆ ಮೂಡಿಗೆರೆ ತಾಲ್ಲೂಕಿನ ಅಂಗಡಿ ಗ್ರಾಮ. ಶಾಸನಗಳ ಸೊಸೆವೂರು ಇದೇ ಎಂದು ಗುರುತಿಸಲಾಗಿದೆ. ಜೈನ ಮುನಿ ಸುದತ್ತರ ಮಾತಿನಂತೆ ಸಳ ಹುಲಿಯನ್ನು ಹೊಡೆದ ಐತಿಹ್ಯ ನಡೆಯುವುದು ಇಲ್ಲಿನ ವಾಸಂತಿಕಾ ದೇವಿಯ ಸನ್ನಿಧಿಯಲ್ಲಿ. ವಸಂತಮ್ಮನಿಗೆ ಇಂದಿಗೂ ಪೂಜೆ ನಡೆಯುತ್ತದೆ, ಪಕ್ಕದಲ್ಲಿ ಹಳೆಯ ಬಸದಿಗಳಿವೆ. ಬೇಲೂರಿನ ಚೆನ್ನಕೇಶವ ದೇವಾಲಯ 1117ರದ್ದು. ಅದಕ್ಕೂ ಮೊದಲು ಈ ಮನೆತನ ಮಲೆಯ ನಡುವಿನ ಪುಟ್ಟ ಊರಿನಲ್ಲಿ ಬೆಳೆಯುತ್ತಿತ್ತು. ಬೇಲೂರನ್ನು ನೋಡಿ ಬಂದ ಗೆಳೆಯರನ್ನು ಅಂಗಡಿಗೆ ಕರೆದೊಯ್ಯದಿದ್ದರೆ ಕಥೆಯ ಎರಡನೆಯ ಅಧ್ಯಾಯವನ್ನಷ್ಟೇ ಓದಿಸಿದಂತೆ.

ಕಳಸವನ್ನು ರಾಣಿಯರು ಆಳಿದ್ದರು ಎಂಬುದು ಗೊತ್ತೇ? 13ನೆಯ ಶತಮಾನದಲ್ಲಿ ಜಾಕಲ ಮಹಾದೇವಿ, ಕಾಳಲ ಮಹಾದೇವಿ ಎಂಬ ಇಬ್ಬರು ಇಲ್ಲಿನ ರಾಜ್ಯಭಾರ ನಡೆಸಿದ್ದಕ್ಕೆ ಶಾಸನಗಳ ಸಾಕ್ಷಿಯಿದೆ. ಘಟ್ಟದ ಮೇಲಿನ ಕಳಸವೂ ಕೆಳಗಿನ ಕಾರ್ಕಳವೂ ಮುಂದೆ ಭೈರರಸರ ಒಂದೇ ಆಳ್ವಿಕೆಯಲ್ಲಿದ್ದವು. ಕಾರ್ಕಳದಲ್ಲಿ 1432ರಲ್ಲಿ ಗೊಮ್ಮಟನನ್ನು ನಿಲ್ಲಿಸಿದ ವೀರಪಾಂಡ್ಯ ಅದೇ ಮನೆತನದವನು. ಕಳಸೇಶ್ವರನ ಎದುರು ನಿಂತು ಇದನ್ನು ಹೇಳಿದರೆ ಕರಾವಳಿಯ ಗೆಳೆಯರಿಗೆ ಊರು ಒಮ್ಮೆಲೇ ಹತ್ತಿರವಾಗುತ್ತದೆ.

ಕಳಸದ ಸುತ್ತ ಭದ್ರೆಯ ಹರಿವಿನಲ್ಲಿ ಪಂಚತೀರ್ಥಗಳಿವೆ: ವಸಿಷ್ಠ, ನಾಗ, ಕೋಟಿ, ರುದ್ರ, ಅಂಬಾತೀರ್ಥ. ಅಂಬಾತೀರ್ಥದಲ್ಲಿ ನದಿಯ ಪಕ್ಕ ಒಂದು ದೊಡ್ಡ ಬಂಡೆಯಿದೆ. ಮಧ್ವಾಚಾರ್ಯರು ಒಂದೇ ಕೈಯಲ್ಲಿ ತಂದಿಟ್ಟ ಕಲ್ಲು ಎಂದು ಅದರ ಮೇಲೆ ಸಂಸ್ಕೃತದಲ್ಲಿ ಕೊರೆದಿದ್ದಾರೆ. ಅಲ್ಲಿ ನೀರಿನ ಸೆಳವು ಬಲು ಜೋರು. ನೋಡಿ ಬರುವುದು, ಇಳಿಯುವುದು ಬೇಡ.

ಹೊರನಾಡಿನ ಅನ್ನಪೂರ್ಣೇಶ್ವರಿಯ ಸನ್ನಿಧಿಯಲ್ಲಿ ಬಂದವರೆಲ್ಲರಿಗೂ ಊಟವಿದೆ. ಜಾತಿ, ಊರು, ಹಣ ಯಾವುದನ್ನೂ ಕೇಳುವುದಿಲ್ಲ. ಈಗಿರುವ ಮೂರ್ತಿಯ ಪ್ರತಿಷ್ಠೆ 1973ರಲ್ಲಿ ನಡೆಯಿತು.

ಕಾಫಿ: ಇದಕ್ಕೆ ಸ್ವಲ್ಪ ಹೆಚ್ಚು ಹೊತ್ತು ಕೊಡಿ

17ನೆಯ ಶತಮಾನದಲ್ಲಿ ಬಾಬಾ ಬುಡನ್ ಯೆಮನಿನ ಮೋಖಾದಿಂದ ಏಳು ಬೀಜ ತಂದರೆಂಬ ಐತಿಹ್ಯ ಎಲ್ಲರಿಗೂ ಗೊತ್ತು. ಅದರ ಮುಂದಿನ ಕಥೆ ಅಷ್ಟು ಜನರಿಗೆ ಗೊತ್ತಿಲ್ಲ.

ಎಲೆತುಕ್ಕು ರೋಗ 1869ರಲ್ಲಿ ಸಿಲೋನಿನ ತೋಟಗಳಲ್ಲಿ ಕಾಣಿಸಿಕೊಂಡಿತು. ಕೆಲವೇ ದಶಕಗಳಲ್ಲಿ ಆ ದ್ವೀಪ ಕಾಫಿ ಬಿಟ್ಟು ಟೀ ಹಿಡಿಯಬೇಕಾಯಿತು. ಅದೇ ರೋಗ ಇಲ್ಲಿಗೂ ಬಂತು. 1911ರ ಸುಮಾರಿಗೆ ಕೆಂಟ್ ಎಂಬ ಪ್ಲಾಂಟರ್ ಮೈಸೂರು ಸೀಮೆಯ ತೋಟವೊಂದರಲ್ಲಿ ತುಕ್ಕಿಗೆ ಬಗ್ಗದ ಗಿಡವೊಂದನ್ನು ಗುರುತಿಸಿ ಅದರ ಬೀಜ ಬೆಳೆಸಿದ. ಕೆಂಟ್ಸ್ ಎಂದು ಹೆಸರಾದ ಆ ತಳಿ ಇಲ್ಲಿಂದ ಪೂರ್ವ ಆಫ್ರಿಕಕ್ಕೂ ಹೋಯಿತು. ಕೆನ್ಯಾ, ತಾಂಜಾನಿಯಾಗಳ ಕೆಲವು ಕಾಫಿ ತಳಿಗಳಿಗೆ ಮೂಲ ನಮ್ಮ ಸೀಮೆಯ ಗಿಡ. ಆಫ್ರಿಕದ ಕಾಡಿನಿಂದ ಹೊರಟ ಬೆಳೆ ಅರಬ್ಬರ ನಾಡು ದಾಟಿ, ಈ ಗುಡ್ಡಗಳಲ್ಲಿ ಶಕ್ತಿ ಪಡೆದು ಆಫ್ರಿಕಕ್ಕೆ ವಾಪಸಾದದ್ದು ನನಗೆ ಇಡೀ ಕಾಫಿ ಚರಿತ್ರೆಯಲ್ಲೇ ಅತ್ಯಂತ ಇಷ್ಟವಾದ ಸಂಗತಿ.

ಬಾಳೆಹೊನ್ನೂರಿನ ಬಳಿ 1925ರಲ್ಲಿ ಶುರುವಾದ ಕಾಫಿ ಸಂಶೋಧನಾ ಕೇಂದ್ರಕ್ಕೆ ಈಗ ನೂರು ವರ್ಷ ತುಂಬಿದೆ. 1940ರ ದಶಕದಲ್ಲಿ ಅದು ಬಿಡುಗಡೆ ಮಾಡಿದ ಎಸ್ 795 ತಳಿಯ ಒಂದು ಕಡೆಯ ಹಿರಿಯರು ಇದೇ ಕೆಂಟ್ಸ್. ಬಾಳೂರಿನ ಸುತ್ತ ಅರೇಬಿಕಾ ತೋಟದೊಳಗೆ ನಡೆಯುವಾಗ ಗೆಳೆಯರು ಮುಟ್ಟುವ ಗಿಡಗಳಲ್ಲಿ ಆ ತಳಿ ಇರುವ ಸಂಭವ ಹೆಚ್ಚು.

ಬ್ರೆಜಿಲಿನಲ್ಲಿ ಕಾಫಿ ಹೆಚ್ಚಾಗಿ ಬಟ್ಟಬಯಲಿನ ಬಿಸಿಲಿನಲ್ಲಿ ಬೆಳೆಯುತ್ತದೆ. ನಮ್ಮಲ್ಲಿ ಮರದ ನೆರಳಿನಲ್ಲಿ. ಸ್ಕಾಟ್ಲೆಂಡಿನಿಂದ ಬಂದು ಮಂಜರಾಬಾದ್ ಸೀಮೆಯಲ್ಲಿ ತೋಟ ಮಾಡಿದ ರಾಬರ್ಟ್ ಎಲಿಯಟ್ 1894ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ನೆರಳಿನ ಮರಗಳ ಬಗ್ಗೆಯೇ ವಿಸ್ತಾರವಾಗಿ ಬರೆದಿದ್ದಾನೆ. ಯಾವ ಮರದ ನೆರಳು ಒಳ್ಳೆಯದು, ಎಷ್ಟು ಬಿಡಬೇಕು ಎನ್ನುವುದು ಅಂದಿಗೂ ಇಂದಿಗೂ ಪ್ಲಾಂಟರುಗಳ ನಡುವೆ ಮುಗಿಯದ ಮಾತು. ಮಳೆಗಾಲಕ್ಕೆ ಮೊದಲು ನಡೆಯುವ ಮರಗಸಿಯನ್ನು ಗೆಳೆಯರು ಕಂಡರೆ ಕಾಡು ಕಡಿಯುತ್ತಿದ್ದಾರೆ ಎಂದು ಗಾಬರಿಯಾಗಬಹುದು. ಮರವನ್ನು ಉಳಿಸಿಕೊಂಡು ಬೆಳಕನ್ನು ಅಳೆದು ಒಳಗೆ ಬಿಡುವ ಕೆಲಸ ಅದು. ಎತ್ತರದ ಮರದ ತುದಿಗೆ ಹತ್ತಿ ಅದನ್ನು ಮಾಡುವವರ ನೈಪುಣ್ಯವನ್ನು ತೋರಿಸಿ. ತೋಟದಲ್ಲಿ ಅದಕ್ಕಿಂತ ಕಷ್ಟದ ಕೆಲಸ ಇನ್ನೊಂದಿಲ್ಲ.

ಸಿಲ್ವರ್ ಓಕ್ ನಮ್ಮ ಮರವಲ್ಲ, ಆಸ್ಟ್ರೇಲಿಯದ್ದು. ಅದಕ್ಕೆ ಹಬ್ಬಿದ ಕಾಳುಮೆಣಸು ಮಾತ್ರ ಅಪ್ಪಟ ಪಶ್ಚಿಮಘಟ್ಟದ ಬಳ್ಳಿ. 1498ರಲ್ಲಿ ವಾಸ್ಕೊ ಡ ಗಾಮನನ್ನು ಕಲ್ಲಿಕೋಟೆಗೆ ಎಳೆದು ತಂದ ಬೆಳೆ.

ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ಇಡೀ ತೋಟ ಬೆಳ್ಳಗಾಗುತ್ತದೆ. ಫೆಬ್ರುವರಿಯಿಂದ ಏಪ್ರಿಲ್ ನಡುವೆ ಗೆಳೆಯರು ಬಂದು ಆ ದಿನ ಸಿಕ್ಕಿಬಿಟ್ಟರೆ ಬೇರೆ ಎಲ್ಲಿಗೂ ಕರೆದೊಯ್ಯಬೇಡಿ, ತೋಟದೊಳಗೇ ಕೂರಿಸಿ. ಅರೇಬಿಕಾ ತನ್ನ ಹೂವಿನ ಪರಾಗದಿಂದಲೇ ಕಾಯಿ ಕಟ್ಟಬಲ್ಲದು. ರೋಬಸ್ಟಾಕ್ಕೆ ಬೇರೆ ಗಿಡದ ಪರಾಗ ಬೇಕೇ ಬೇಕು, ಹಾಗಾಗಿ ಗಾಳಿಯನ್ನೂ ಜೇನನ್ನೂ ನಂಬಿಕೊಂಡಿದೆ. ಕೆಫೀನಿನ ಅಂಶ ಅರೇಬಿಕಾದಲ್ಲಿ ಇರುವುದಕ್ಕಿಂತ ರೋಬಸ್ಟಾದಲ್ಲಿ ಸುಮಾರು ಎರಡರಷ್ಟು. ಬೇಲಿಯಲ್ಲಿ ಕೆಂಪಗೆ ಅರಳುವ ಕೇಪಳ ಕೂಡ ಕಾಫಿಯ ಕುಟುಂಬಕ್ಕೇ ಸೇರಿದ ಗಿಡ.

ಕೆಳಗೂರಿನಲ್ಲಿ ಕಾಫಿಯ ನಡುವೆ ಇದ್ದಕ್ಕಿದ್ದಂತೆ ಟೀ ತೋಟ ಏಕೆ? ಕಾಫಿಗೆ ಹಣ್ಣು ಬೇಕು, ಟೀಗೆ ಎಲೆ ಸಾಕು. ವಿಪರೀತ ಮಳೆ ಸುರಿದರೆ ಕಾಫಿಯ ಕಾಯಿ ಉದುರುತ್ತದೆ, ಟೀ ಮಾತ್ರ ಚಿಗುರುತ್ತಲೇ ಇರುತ್ತದೆ.

ಹಾಯಿ ಹಡಗಿನ ಕಾಲದಲ್ಲಿ ಮಂಗಳೂರಿನಿಂದ ಹೊರಟ ಕಾಫಿ ಆಫ್ರಿಕದ ತುದಿಯನ್ನು ಬಳಸಿ ಯೂರೋಪು ಮುಟ್ಟಲು ತಿಂಗಳುಗಟ್ಟಲೆ ಹಿಡಿಯುತ್ತಿತ್ತು. ಕಡಲಿನ ಥಂಡಿ ಕುಡಿದ ಬೀಜ ಉಬ್ಬಿ, ಬಿಳಿಚಿ, ಹುಳಿಯನ್ನು ಕಳೆದುಕೊಂಡಿರುತ್ತಿತ್ತು. ಅಲ್ಲಿನವರಿಗೆ ಆ ರುಚಿಯೇ ಹಿಡಿಸಿತು. 1869ರಲ್ಲಿ ಸೂಯೆಜ್ ಕಾಲುವೆ ತೆರೆದು, ಉಗಿಹಡಗು ಬಂದು ದಾರಿ ಹತ್ತಿರವಾದ ಮೇಲೆ ಹಳೆಯ ರುಚಿಯೇ ಬೇಕೆಂಬ ಬೇಡಿಕೆ ಬಂತು. ಈಗ ಮಂಗಳೂರಿನ ಕಡೆಯ ಗೋದಾಮುಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೀಜವನ್ನು ಹರವಿ, ಮುಂಗಾರಿನ ಗಾಳಿಗೆ ಬಿಟ್ಟು ಆ ರುಚಿಯನ್ನು ಬೇಕೆಂದೇ ತರಿಸುತ್ತಾರೆ. ಮಾನ್ಸೂನ್ಡ್ ಮಲಬಾರ್ ಎಂದು ಮಾರಾಟವಾಗುವ ಕಾಫಿ ಅದು.

ಭಾರತದ ಕಾಫಿಯನ್ನು ಅತಿ ಹೆಚ್ಚು ಕೊಳ್ಳುವ ದೇಶ ಇಟಲಿ. ಅಲ್ಲಿನ ಟ್ರಿಯೆಸ್ತೆ ನಗರ 1719ರಲ್ಲಿ ಮುಕ್ತ ಬಂದರಾಗಿ ಘೋಷಣೆಯಾದಾಗಿನಿಂದ ಕಾಫಿಯ ವ್ಯಾಪಾರಕ್ಕೆ ಹೆಸರುವಾಸಿ. ವೆನಿಸಿನ ಕೆಫೆ ಫ್ಲೋರಿಯನ್ 1720ರಿಂದ ನಡೆದು ಬಂದಿದೆ. ಅಲ್ಲಿಗೆ ಹೋಗಿ ಬಂದ ಗೆಳೆಯರು ಎಸ್ಪ್ರೆಸೊದ ಮೇಲಿನ ದಪ್ಪ ನೊರೆಯನ್ನು ಹೊಗಳಿದರೆ ಹೇಳಿ: ಆ ನೊರೆಗಾಗಿ ಮಿಶ್ರಣಕ್ಕೆ ಸೇರಿಸುವ ಬೀಜಗಳಲ್ಲಿ ತೊಳೆದು ಸಂಸ್ಕರಿಸಿದ ಭಾರತದ ರೋಬಸ್ಟಾಕ್ಕೆ ಒಳ್ಳೆಯ ಬೇಡಿಕೆಯಿದೆ. ದೇಶದ ಕಾಫಿಯಲ್ಲಿ ಸುಮಾರು ನೂರಕ್ಕೆ ಎಪ್ಪತ್ತು ಪಾಲು ಕರ್ನಾಟಕದ್ದು.

2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿ ತಮಗೆ ಬೇಡ ಎಂದು ಯೂರೋಪಿಯನ್ ಒಕ್ಕೂಟ 2023ರಲ್ಲಿ ನಿಯಮ ಮಾಡಿತು. ಬೆಳೆದ ಜಾಗದ ಅಕ್ಷಾಂಶ, ರೇಖಾಂಶ ಸಮೇತ ಲೆಕ್ಕ ಕೊಡಬೇಕು. ಜಾರಿಯ ದಿನಾಂಕ ಮುಂದಕ್ಕೆ ಹೋಗುತ್ತಿದ್ದರೂ ತೋಟಗಳ ನಕ್ಷೆಯ ಕೆಲಸ ಶುರುವಾಗಿದೆ. ನೆರಳನ್ನು ತಲೆಮಾರುಗಳಿಂದ ಕಾಪಾಡಿಕೊಂಡು ಬಂದ ಸಣ್ಣ ಬೆಳೆಗಾರನಿಗೆ ಈ ಕಾಗದಪತ್ರದ ಹೊರೆ ಭಾರವಾಗಬಾರದು. ಅವನ ಮರಗಳಿಗೆ ಬೆಲೆ ಸಿಗಬೇಕು.

ಫಿಲ್ಟರ್ ಕಾಫಿಯ ಚಿಕೋರಿ ಒಂದು ಗಡ್ಡೆಬೇರು. 1806ರಲ್ಲಿ ನೆಪೋಲಿಯನ್ ಬ್ರಿಟನ್ನಿನ ವ್ಯಾಪಾರಕ್ಕೆ ದಿಗ್ಬಂಧನ ಹಾಕಿ ಕಾಫಿ ದುರ್ಲಭವಾದಾಗ ಫ್ರಾನ್ಸಿನ ಜನ ಇದನ್ನು ಹುರಿದು ಕುಡಿಯುವುದನ್ನು ಹೆಚ್ಚು ರೂಢಿಸಿಕೊಂಡರು. ತೋಟದ ಮನೆಯಲ್ಲಾದರೂ ಒಂದು ಲೋಟ ಚಿಕೋರಿ ಇಲ್ಲದ ಕಾಫಿ ಕೊಟ್ಟು ನೋಡಿ.

ಊಟದ ಎಲೆಯಲ್ಲಿ

ಕಳಲೆಯನ್ನು ಹೆಚ್ಚಿ, ನೀರು ಬದಲಿಸುತ್ತ ದಿನಗಟ್ಟಲೆ ನೆನೆಹಾಕುವುದು ಕಹಿ ಹೋಗಲೆಂದು ಮಾತ್ರವಲ್ಲ. ಹಸಿ ಬಿದಿರ ಮೊಳಕೆಯಲ್ಲಿ ಸಯನೈಡ್ ಬಿಡುವ ಅಂಶಗಳಿವೆ. ನೆನೆಸಿ, ಬೇಯಿಸಿದಾಗ ಅವು ಕಳೆಯುತ್ತವೆ. ನಮ್ಮ ಅಜ್ಜಿಯಂದಿರಿಗೆ ರಸಾಯನಶಾಸ್ತ್ರದ ಪಾಠ ಯಾರೂ ಮಾಡಿರಲಿಲ್ಲ, ಕ್ರಮ ಮಾತ್ರ ಒಂದು ದಿನವೂ ತಪ್ಪಲಿಲ್ಲ.

ಪತ್ರೊಡೆಗೆ ಹುಣಸೆಹುಳಿ ಏಕೆ ಬೇಕು? ಕೆಸುವಿನ ಎಲೆಯಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಮೊನೆಯ ಹರಳುಗಳಿರುತ್ತವೆ, ಗಂಟಲು ತುರಿಸುವುದು ಅವುಗಳಿಂದ. ಹುಳಿ ಹಾಕಿ ಚೆನ್ನಾಗಿ ಬೇಯಿಸಿದರೆ ತುರಿಕೆ ತಗ್ಗುತ್ತದೆ. ಮಳೆಗಾಲ ಹಿಡಿದೊಡನೆ ಮರದ ಬೊಡ್ಡೆಯ ಮೇಲೆ ಚಿಗುರುವ ಮರಗೆಸು ಸಿಕ್ಕರೆ ಆ ದಿನದ ಪತ್ರೊಡೆಯೇ ಬೇರೆ.

ಪಾಯಸಕ್ಕೆ ಹಾಕುವ ಏಲಕ್ಕಿಯ ತಳಿಗಳಲ್ಲಿ ಮೂಡಿಗೆರೆ-1 ಎಂಬುದೊಂದಿದೆ. ಮೂಡಿಗೆರೆಯ ಸಂಶೋಧನಾ ಕೇಂದ್ರದಲ್ಲಿ ಆರಿಸಿದ ತಳಿ.

ತೇಜಸ್ವಿಯವರ ಊರು

1938ರಲ್ಲಿ ಹುಟ್ಟಿದ ಲೇಖಕ ಪೂರ್ಣಚಂದ್ರ ತೇಜಸ್ವಿ ಓದು ಮುಗಿಸಿ ಮೂಡಿಗೆರೆ ಸೀಮೆಗೆ ಬಂದು ಕೃಷಿಕರಾದರು. 2007ರ ಏಪ್ರಿಲ್ 5ರಂದು ಮೂಡಿಗೆರೆಯ ತಮ್ಮ ಮನೆ ‘ನಿರುತ್ತರ’ದಲ್ಲೇ ತೀರಿಕೊಂಡರು. ಅವರ ಹೆಸರಿನ ಪ್ರತಿಷ್ಠಾನ ಕೊಟ್ಟಿಗೆಹಾರದಲ್ಲಿದೆ. ಬಾಳೂರಿಗೆ ಬರುವ ಗೆಳೆಯರಿಗೆ ಅದು ದಾರಿಯಲ್ಲೇ ಸಿಗುತ್ತದೆ. ಅವರ ಕಥೆ ‘ಅಬಚೂರಿನ ಪೋಸ್ಟಾಫೀಸು’ 1973ರಲ್ಲಿ ಎನ್. ಲಕ್ಷ್ಮೀನಾರಾಯಣರ ನಿರ್ದೇಶನದಲ್ಲಿ ಸಿನಿಮಾ ಆಯಿತು. ‘ಚಿದಂಬರ ರಹಸ್ಯ’ಕ್ಕೆ 1987ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು.

1980ರ ‘ಕರ್ವಾಲೊ’ ಕಾದಂಬರಿಯ ಹಾರುವ ಓತಿ ಬರೀ ಕಲ್ಪನೆಯಲ್ಲ. ಪಶ್ಚಿಮಘಟ್ಟದ ಕಾಡಿನಲ್ಲೂ ಅಡಿಕೆ ತೋಟದಲ್ಲೂ ಅದು ಇಂದಿಗೂ ಇದೆ. ಅದಕ್ಕೆ ರೆಕ್ಕೆಗಳಿಲ್ಲ. ನೀಳವಾಗಿ ಬೆಳೆದ ಪಕ್ಕೆಲುಬುಗಳ ನಡುವಿನ ಚರ್ಮವನ್ನು ಬಿಚ್ಚಿ ಮರದಿಂದ ಮರಕ್ಕೆ ತೇಲುತ್ತದೆ. ಗಂಡಿನ ಗಂಟಲಿನಲ್ಲಿ ಹಳದಿ ಜೋಲು ಚರ್ಮವಿರುತ್ತದೆ. ತೊಗಟೆಯ ಬಣ್ಣದಲ್ಲೇ ಅಡಗಿರುವ ಅದನ್ನು ಕಾಣಲು ಬೆಳಗಿನ ಬಿಸಿಲಿನಲ್ಲಿ ಅಡಿಕೆ ಮರಗಳ ನಡುವೆ ಸದ್ದಿಲ್ಲದೆ ನಿಲ್ಲಬೇಕು. ಕಾದಂಬರಿ ಓದಿದ ಗೆಳೆಯರು ಖಂಡಿತ ನಿಲ್ಲುತ್ತಾರೆ.

ನಸುಕಿನಲ್ಲಿ ಹಳ್ಳದ ಕಡೆಯಿಂದ ಯಾರೋ ಹುಡುಗ ಸಿಳ್ಳೆ ಹಾಕಿದಂತೆ ಕೇಳಿದರೆ ಅದು ಸರಳೆ ಸಿಳ್ಳಾರ ಎಂಬ ಹಕ್ಕಿ. ಮಳೆ ಹಿಡಿದಾಗಲೇ ಅದರ ಹಾಡು ಜೋರು.

ಮಂಗಟ್ಟೆಯ ಹೆಣ್ಣು ಮರದ ಪೊಟರೆಯೊಳಗೆ ಸೇರಿ ಪೊಟರೆಯ ಬಾಯನ್ನು ಮುಚ್ಚಿಕೊಂಡು ಮೊಟ್ಟೆಯಿಡುತ್ತದೆ. ಒಂದು ಸೀಳಿನ ಮೂಲಕ ಗಂಡು ಆಹಾರ ಕೊಡುತ್ತದೆ. ಆ ಗಂಡು ಸತ್ತರೆ ಸಂಸಾರವೇ ಅಪಾಯಕ್ಕೆ ಸಿಲುಕುತ್ತದೆ. ತೋಟದಲ್ಲಿ ಅತ್ತಿ, ಬಸರಿ, ಗೋಣಿ ಮರಗಳನ್ನು ಉಳಿಸಿದವರು ಈ ಹಕ್ಕಿಗೆ ಅನ್ನ ಉಳಿಸಿದ್ದಾರೆ.

ಕಾಡಿನ ಜಿಗಣೆಯಾದ ಇಂಬಳ ಕಚ್ಚಿದರೆ ನೋವಾಗದು, ರಕ್ತ ಮಾತ್ರ ನಿಲ್ಲದು. ಜಿಗಣೆಯ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಅಂಶವಿದೆ ಎಂದು ಜಾನ್ ಹೇಕ್ರಾಫ್ಟ್ 1884ರಲ್ಲಿ ತೋರಿಸಿದರು. ರಕ್ತ ಹೀರಿಸುವ ಚಿಕಿತ್ಸೆಗೆಂದು ಫ್ರಾನ್ಸ್ ದೇಶ 1833ರ ಒಂದೇ ವರ್ಷದಲ್ಲಿ ನಾಲ್ಕು ಕೋಟಿಗೂ ಹೆಚ್ಚು ಜಿಗಣೆಗಳನ್ನು ಆಮದು ಮಾಡಿಕೊಂಡಿತ್ತು. ಇಷ್ಟು ಹೇಳಿದರೆ ಇಂಬಳ ಕಂಡು ಕಿರುಚುವ ಗೆಳೆಯರು ಸ್ವಲ್ಪ ಧೈರ್ಯ ತಂದುಕೊಳ್ಳುತ್ತಾರೆ. ಎಳೆದು ಕೀಳುವುದು ಬೇಡ, ಉಪ್ಪು ಮುಟ್ಟಿಸಿ.

ಭಾನುವಾರ ಕುದುರೆಮುಖದ ಕಡೆ ಹೋದರೆ

1,894 ಮೀಟರ್ ಎತ್ತರದ ಕುದುರೆಮುಖ ಶಿಖರದ ಮಡಿಲಿನಲ್ಲಿ ದಶಕಗಳ ಕಾಲ ಕಬ್ಬಿಣದ ಅದಿರು ತೆಗೆದರು. 1975ರಲ್ಲಿ ಇರಾನಿನ ಜೊತೆ ಒಪ್ಪಂದವಾಗಿ, 1976ರಲ್ಲಿ ಕುದುರೆಮುಖ ಕಂಪನಿ ಹುಟ್ಟಿತು. 1979ರಲ್ಲಿ ಇರಾನಿನಲ್ಲಿ ಕ್ರಾಂತಿಯಾಗಿ ಆ ವ್ಯಾಪಾರ ಕೈಬಿಟ್ಟಿತು. ಅದಿರಿನ ಪುಡಿಯನ್ನು ಲಾರಿಯಲ್ಲಿ ಸಾಗಿಸಲಿಲ್ಲ. ನೀರಿನಲ್ಲಿ ಕಲಸಿ, 67 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಘಟ್ಟದ ಕೆಳಗೆ ಪಣಂಬೂರಿಗೆ ಹರಿಸುತ್ತಿದ್ದರು. 1987ರಲ್ಲಿ ಸುತ್ತಲಿನ ಕಾಡು ರಾಷ್ಟ್ರೀಯ ಉದ್ಯಾನವಾಯಿತು. ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ಗಣಿ ನಿಂತಿತು. ಗಣಿಯೇ ಜೀವನವಾಗಿದ್ದ ಟೌನ್‌ಶಿಪ್ಪಿನ ಕುಟುಂಬಗಳು ಚದುರಿಹೋದವು, ಅದೂ ಸಣ್ಣ ನೋವಲ್ಲ. ಆದರೂ ಆ ತೀರ್ಪು ಸರಿಯಾದದ್ದೇ. ಪಶ್ಚಿಮಘಟ್ಟ ಬಿಟ್ಟು ಜಗತ್ತಿನ ಬೇರೆಲ್ಲೂ ಇಲ್ಲದ ಸಿಂಗಳೀಕಕ್ಕೆ, ಭದ್ರೆಯ ತಿಳಿನೀರಿಗೆ ಅದರಿಂದ ಉಳಿಗಾಲವಾಯಿತು.

ಬರುವವರಿಗೆ, ಕರೆಸುವವರಿಗೆ

2019ರ ಆಗಸ್ಟಿನಲ್ಲಿ ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿಗಳಲ್ಲಿ ಗುಡ್ಡ ಜಾರಿ ಮನೆ, ತೋಟ, ಗದ್ದೆ ಎಲ್ಲ ಮಣ್ಣಿನಡಿ ಹೋದವು. ಚಾರ್ಮಾಡಿ ಘಾಟಿ ಕುಸಿದು ವಾಹನ ಸಂಚಾರವೇ ನಿಂತಿತು. ಮಳೆ ನೋಡಲು ಬರುತ್ತೇವೆ ಎಂದು ಗೆಳೆಯರು ಫೋನು ಮಾಡಿದರೆ ಜಿಲ್ಲಾಡಳಿತದ ಸೂಚನೆ ನೋಡಿಯೇ ಹೂಂ ಅನ್ನಿ. ರೆಡ್ ಅಲರ್ಟ್ ಇದ್ದರೆ ಬೇಡ ಎಂದು ಹೇಳಲು ಸಂಕೋಚ ಬೇಡ. ಕುದುರೆಮುಖ, ಬಲ್ಲಾಳರಾಯನ ದುರ್ಗದಂಥ ಚಾರಣಕ್ಕೆ ಅರಣ್ಯ ಇಲಾಖೆಯ ಅನುಮತಿಯನ್ನು ಮುಂಚೆಯೇ ಮಾಡಿಸಿಡಿ. ಚಾರ್ಮಾಡಿಯ ತಿರುವಿನಲ್ಲಿ ಕಾರು ನಿಲ್ಲಿಸಿ ಬಂಡೆ ಹತ್ತಿ ಜಾರಿಬಿದ್ದವರ ಸುದ್ದಿ ಪ್ರತಿ ಮಳೆಗಾಲವೂ ಬರುತ್ತದೆ, ಅಲ್ಲಿ ನಿಲ್ಲಿಸುವುದೇ ಬೇಡ. ಬೇರೆಯವರ ತೋಟದ ಗೇಟು ತೆರೆಯುವ ಮೊದಲು ಮನೆಯವರನ್ನೋ ರೈಟರನ್ನೋ ಒಂದು ಮಾತು ಕೇಳಿ. ಕಣದಲ್ಲಿ ಹರವಿದ ಕಾಫಿಯ ಮೇಲೆ ಮಕ್ಕಳು ಓಡದಂತೆ ನೋಡಿಕೊಳ್ಳಿ, ಅದು ಒಂದು ವರ್ಷದ ದುಡಿಮೆ. ಜಾವಳಿಯಲ್ಲಿ ಎಸೆದ ಬಾಟಲಿ ಗೊರೂರಿನವರೆಗೂ ಹೋಗಬಲ್ಲದು, ಆದ್ದರಿಂದ ಖಾಲಿ ಬಾಟಲಿಗಳನ್ನು ಬಂದ ಕಾರಿನಲ್ಲೇ ವಾಪಸು ಕಳಿಸಿ.